ಒಂದು ಇಂಚು

ಪಬ್ಜಿ ಆಡೋರ ಹಳೇ ಜಗಳ: ಪಿಸ್ತೂಲಿಗೆ 9 ಎಂಎಂ ಬೆಸ್ಟಾ, ಪಾಯಿಂಟ್ 45 ಬೆಸ್ಟಾ? ನಾನು ಕ್ಯಾಲ್ಕುಲೇಟರ್ ಹಿಡಿದೆ. 9 ಎಂಎಂ ಗುಂಡು ಸುಮಾರು 7.5 ಗ್ರಾಂ, ವೇಗ ಸೆಕೆಂಡಿಗೆ 360 ಮೀಟರ್. 45ರದ್ದು 15 ಗ್ರಾಂ, ಆದ್ರೆ ನಿಧಾನ, 260 ಮೀಟರ್. ಅರ್ಧ ಎಂ ವಿ ಸ್ಕ್ವೇರ್ ಹಾಕಿದ್ರೆ 486 ಜೂಲ್, 507 ಜೂಲ್. ಹೆಚ್ಚುಕಮ್ಮಿ ಸಮ!

ಆದ್ರೆ ಪ್ರಾಣ ಉಳಿಸೋ ವಿಷಯ ಬಂದಾಗ ಜೂಲ್ ನೋಡಿ ಪ್ರಯೋಜನ ಇಲ್ಲ. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಎಫ್‌ಬಿಐನವರು ಇಬ್ಬರು ದರೋಡೆಕೋರರನ್ನು ಅಡ್ಡಗಟ್ಟಿದರು. ಅವರಲ್ಲಿ ಮೈಕೆಲ್ ಪ್ಲಾಟ್ ಎಂಬವನಿಗೆ ಶುರುವಿನಲ್ಲೇ 9 ಎಂಎಂ ಗುಂಡು ತಗುಲಿತು. ಅದು ತೋಳನ್ನು ದಾಟಿ ಎದೆಗೆ ಹೊಕ್ಕು, ಹೃದಯಕ್ಕೆ ಸುಮಾರು ಒಂದಿಂಚು ಮೊದಲೇ ನಿಂತುಬಿಟ್ಟಿತು. ಅವನು ಗುಂಡು ಹಾರಿಸ್ತಾನೇ ಇದ್ದ. ಇಬ್ಬರು ಏಜೆಂಟರು ಸತ್ತರು, ಐವರಿಗೆ ಗಾಯ.

ಆಮೇಲೆ ಎಫ್‌ಬಿಐ ಅಳೆಯೋ ವಿಧಾನವನ್ನೇ ಬದಲಿಸಿತು. 10% ಜೆಲಟಿನ್ ಬ್ಲಾಕ್‌ಗೆ ಹೊಡೆದ್ರೆ ಗುಂಡು ಕನಿಷ್ಠ 12 ಇಂಚು ಹೋಗಬೇಕು, 18 ದಾಟಬಾರದು. ಎದೆ ಅಷ್ಟು ದಪ್ಪ ಇರುತ್ತಾ ಅಂತೀರಾ? ಇರಲ್ಲ. ಆದ್ರೆ ಎದುರಿಗಿರೋನು ಕೈ ಚಾಚಿ ಗುರಿ ಇಟ್ಟಿರ್ತಾನೆ, ಗುಂಡು ಮೊದಲು ಆ ಕೈ ದಾಟಬೇಕು. ಬಟ್ಟೆ, ಗಾಜು, ಪ್ಲೈವುಡ್ ಅಡ್ಡ ಇಟ್ಟೂ ಪರೀಕ್ಷೆ ಮಾಡ್ತಾರೆ.

ಕೆಲವು ವರ್ಷ ಅವರು 10 ಎಂಎಂ, ಪಾಯಿಂಟ್ 40 ಅಂತ ದೊಡ್ಡ ಗುಂಡುಗಳ ಹಿಂದೆ ಹೋದರು. ಒದೆತ ಜಾಸ್ತಿ, ಗುರಿ ಕಷ್ಟ. 2010ರ ದಶಕದಲ್ಲಿ ವಾಪಸ್ 9 ಎಂಎಂಗೇ ಬಂದರು. ಅಷ್ಟರಲ್ಲಿ ಅದರ ಗುಂಡಿನ ವಿನ್ಯಾಸ ಸುಧಾರಿಸಿ, ಆ 12 ಇಂಚನ್ನು ಆರಾಮಾಗಿ ಮುಟ್ಟುತ್ತಿತ್ತು.