ಹೆರಾಲ್ಡಿನ ಹಡಪ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ನಮ್ಮ ಹಿರಿಯರು ಹಳೆಯ ಕಾರು ಇಟ್ಟು ನೋಡು ಎಂದು ಸೇರಿಸಲಿಲ್ಲ. ಅವರ ಕಾಲಕ್ಕೆ ಕಾರು ಇನ್ನೂ ಹಳೆಯದಾಗಿರಲಿಲ್ಲ, ಅಷ್ಟೆ. ಹಳೆಯ ಕಾರನ್ನು ಸಂಪಾದಿಸುವುದೇನೂ ದೊಡ್ಡ ಮಾತಲ್ಲ. ನನ್ನದಂತೂ ಶ್ರೀರಂಗಪಟ್ಟಣದ ಕೋಟೆಯೊಳಗೆ ಸೋದರಮಾವನ ಕೊಟ್ಟಿಗೆಯಲ್ಲಿ ಧೂಳು ಹೊದ್ದು ಕಾದು ಕುಳಿತಿತ್ತು. ಅದನ್ನು ರಿಪೇರಿ ಮಾಡಲು ಬೇಕಾದ ಸಲಕರಣೆಗಳನ್ನು ಕೂಡಿಹಾಕುವುದಿದೆಯಲ್ಲ, ಅದಕ್ಕೆ ನಾಲ್ಕು ತಾಲ್ಲೂಕು ಸುತ್ತಬೇಕಾಯಿತು. ಕ್ಷೌರಿಕರ ಕತ್ತಿ ಕತ್ತರಿಗಳ ಚೀಲಕ್ಕೆ ನಮ್ಮ ಕಡೆ ಹಡಪವೆನ್ನುತ್ತಾರೆ. ನನ್ನ ಕ್ಯಾನ್‌ವಾಸ್ ಚೀಲಕ್ಕೂ ಅದೇ ಹೆಸರು ನಿಂತಿದೆ.

ಕಾರು ಸ್ಟ್ಯಾಂಡರ್ಡ್ ಹೆರಾಲ್ಡ್. ಇಟಲಿಯ ಮಿಕೆಲೊಟ್ಟಿ ರೂಪ ಕೊಟ್ಟದ್ದು, ಇಂಗ್ಲೆಂಡಿನಲ್ಲಿ 1959ರಲ್ಲಿ ಹೊರಬಂದದ್ದು, 1961ರಿಂದ ಮದರಾಸಿನಲ್ಲಿ ತಯಾರಾದದ್ದು. ಎಂಜಿನ್ನು 948 ಸಿ.ಸಿ. ಇದರ ಬಾನೆಟ್ಟು ಬೇರೆ ಕಾರುಗಳಂತೆ ಅರೆಬರೆ ತೆರೆಯುವುದಿಲ್ಲ. ಮಡ್‌ಗಾರ್ಡು, ದೀಪಗಳ ಸಮೇತ ಇಡೀ ಮೂತಿಯೇ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಮುಂದಿನ ಚಕ್ರದ ಮೇಲೆ ಕುಳಿತು, ಜಗುಲಿಯ ಮೇಲೆ ತರಕಾರಿ ಹೆಚ್ಚುವಷ್ಟು ನೆಮ್ಮದಿಯಿಂದ ಕೆಲಸ ಮಾಡಬಹುದು. ಈಗಿನ ಕಾರಿನ ಬಾನೆಟ್ಟು ಎತ್ತಿದರೆ ಕಪ್ಪು ಪ್ಲಾಸ್ಟಿಕ್ಕಿನ ಮುಚ್ಚಳವೊಂದು “ನಿನಗೇನಯ್ಯ ಇಲ್ಲಿ ಕೆಲಸ?” ಎಂದು ಗದರುತ್ತದೆ. ಹೆರಾಲ್ಡಿಗೆ ಆ ಬಿಗುಮಾನವಿಲ್ಲ. ಅದರ ಮೈಯನ್ನೇ ತುಂಡುತುಂಡಾಗಿ ಮಾಡಿ ಬೋಲ್ಟು ಹಾಕಿ ಜೋಡಿಸಿದ್ದಾರೆ. ಬೋಲ್ಟು ಎಂದಮೇಲೆ ಸ್ಪ್ಯಾನರು ಬೇಕು. ತೊಡಕು ಶುರುವಾಗುವುದೇ ಅಲ್ಲಿ.

ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಫಳಫಳ ಹೊಳೆಯುವ ಸ್ಪ್ಯಾನರು ಸೆಟ್ಟುಗಳಿಗೆ ಬರವಿಲ್ಲ. ಆದರೆ ಎಲ್ಲವೂ ಮಿಲಿಮೀಟರಿನವು. ಹೆರಾಲ್ಡಿನ ನಟ್ಟುಗಳು ಅಂಗುಲದವು. 1957ರಲ್ಲಿ ನಮ್ಮ ಆಣೆ ಹೋಗಿ ನಯಾಪೈಸೆ ಬಂತು, ಅದರ ಬೆನ್ನಿಗೇ ಸೇರು ಹೋಗಿ ಕಿಲೋ ಬಂತು. ಆಮೇಲೆ ಬಂದ ಈ ಕಾರು ಮಾತ್ರ ಅಂಗುಲವನ್ನು ಬಿಡಲೊಲ್ಲದು. ಮುಕ್ಕಾಲು ಅಂಗುಲದ ನಟ್ಟಿಗೆ 19 ಮಿಲಿಮೀಟರಿನ ಸ್ಪ್ಯಾನರು ಹೇಳಿ ಮಾಡಿಸಿದಂತೆ ಕೂರುತ್ತದೆ. ಅರ್ಧ ಅಂಗುಲ ಎಂದರೆ 12.7, ಅದಕ್ಕೆ 13ರದು ಸ್ವಲ್ಪ ಸಡಿಲವಾದರೂ ನಡೆದೀತು. ಆದರೆ 9/16 ಇದೆಯಲ್ಲ, ಅದು 14.29. ಹದಿನಾಲ್ಕರದು ಒಳಗೆ ಹೋಗದು, ಹದಿನೈದರದು ಹಿಡಿಯದು. ಬಲವಂತ ಮಾಡಿದರೆ ನಟ್ಟಿನ ಆರು ಮೂಲೆಗಳೂ ಸವೆದು ಗುಂಡಗಾಗುತ್ತವೆ. ಆಮೇಲೆ ಅದನ್ನು ಬಿಚ್ಚಲು ಉಳಿಯೇ ಗತಿ. ಕಬ್ಬಿಣದ ಕೊಳವೆಯ ರಾಕೆಟ್ಟುಗಳಿಗೆ ಹೆಸರಾಗಿದ್ದ ಊರು ನಮ್ಮದು. 1799ರ ಮೇಲೆ ಇಂಗ್ಲಿಷರು ಅವನ್ನು ವುಲ್ವಿಚ್ಚಿಗೆ ಹೊತ್ತುಕೊಂಡು ಹೋದರು. ಬದಲಿಗೆ 9/16ರ ಸ್ಪ್ಯಾನರು ಒಂದನ್ನಾದರೂ ಬಿಟ್ಟುಹೋಗಬಾರದಿತ್ತೆ?

ಬಳೆಯ ಅಳತೆಗೆ ಹಳೆಯ ಬಳೆಯನ್ನು ಒಯ್ಯುವಂತೆ, ಜೇಬಿನಲ್ಲಿ ಒಂದು ನಟ್ಟು ಇಟ್ಟುಕೊಂಡು ಪಾಂಡವಪುರದ ಬಸ್ಸು ಹತ್ತಿದೆ. ಅಲ್ಲಿಯ ಗುಜರಿಯಲ್ಲಿ, ಆಲೆಮನೆಗಳಿಂದ ಬಂದ ಹಳೆಯ ಎಂಜಿನ್ನುಗಳ ರಾಶಿಯ ಕೆಳಗೆ, ಅಂಗುಲದ ಸ್ಪ್ಯಾನರುಗಳು ಸಿಕ್ಕವು. ಹಿಗ್ಗಿ ತೊಡಿಸಿ ನೋಡುತ್ತೇನೆ, ಒಂದೂ ಕೂಡದು! ಅವು ವಿಟ್‌ವರ್ತ್ ಜಾತಿಯವು. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಹಾಕಿಕೊಟ್ಟ ಲೆಕ್ಕದವು. ಅವುಗಳ ಮೇಲೆ ಬರೆದ ಅಳತೆ ಬೋಲ್ಟಿನ ದಪ್ಪದ್ದೇ ಹೊರತು ನಟ್ಟಿನ ಅಗಲದ್ದಲ್ಲ. ಯುದ್ಧದಲ್ಲಿ ಅಮೆರಿಕದ ನಟ್ಟು ಇಂಗ್ಲೆಂಡಿನ ಬೋಲ್ಟಿಗೆ ಕೂಡದೆ ಪಟ್ಟ ಪಾಡಿನಿಂದ ಬುದ್ಧಿ ಬಂದು, 1948ರಲ್ಲಿ ಆ ಎರಡು ದೇಶಗಳೂ ಕೆನಡಾವೂ ಕೂಡಿ ಒಂದೇ ಮರೆಯ ತಿರುಪನ್ನು ಒಪ್ಪಿಕೊಂಡವು. ಹೆರಾಲ್ಡು ಆ ಒಪ್ಪಂದದ ಕೂಸು. ಗುಜರಿಯವನಿಗೆ ಈ ಚರಿತ್ರೆಯೆಲ್ಲ ಬೇಡವಾಗಿತ್ತು. “ತೂಕಕ್ಕೆ ಕೊಡ್ತೀನಿ, ತಕಂಡೋಗಿ” ಎಂದ.

ನಾನು ಹುಡುಕುತ್ತಿದ್ದುದು ಕೆ.ಆರ್. ಪೇಟೆಯಲ್ಲಿತ್ತು, ಅದೂ ಕಾರಿನ ಗ್ಯಾರೇಜಿನಲ್ಲಲ್ಲ, ಟ್ರಾಕ್ಟರು ರಿಪೇರಿಯ ಶೆಡ್ಡಿನಲ್ಲಿ. ಮೇಸ್ತ್ರಿಗೆ ಎಪ್ಪತ್ತು ದಾಟಿದೆ. ನಟ್ಟನ್ನು ಬೆರಳಿನಲ್ಲಿ ಹೊರಳಿಸಿ ನೋಡಿ, “ಇದು ನಮ್ ಫರ್ಗೂಸನ್ ನಟ್ಟೇ ಕನ ಸ್ವಾಮಿ” ಎಂದರು. ಹೌದಲ್ಲ! ಮ್ಯಾಸಿ ಫರ್ಗುಸನ್ನಿಗಾಗಿ ಮದರಾಸಿನಲ್ಲಿ ಕಂಪನಿ ಹುಟ್ಟಿದ್ದು 1960ರಲ್ಲಿ. ಅದೂ ಇಂಗ್ಲಿಷ್ ಬಳಗದ್ದೇ, ಅದೇ ಅಂಗುಲ, ಅದೇ ತಿರುಪು. ಕಾರುಗಳೆಲ್ಲ ಮರೆತ ಅಳತೆಯನ್ನು ಕಬ್ಬಿನ ಗದ್ದೆಯ ಟ್ರಾಕ್ಟರುಗಳು ಕಾಪಾಡಿಕೊಂಡು ಬಂದಿದ್ದವು. ಗೋಡೆಯ ಮೊಳೆಗಳಿಗೆ 7/16ರಿಂದ ಮುಕ್ಕಾಲಿನವರೆಗೆ ಸಾಲಾಗಿ ನೇತುಹಾಕಿದ್ದರು. ಕೊಡುತ್ತೀರಾ ಎಂದದ್ದಕ್ಕೆ ಉತ್ತರ ಬರಲಿಲ್ಲ. ಬದಲಿಗೆ ಕೇಳಿದರು: “ಮುಂದಿನ ಚಕ್ರದ ಕೆಳಗಡೆ ಹಿತ್ತಾಳೇದು ಒಂದದಲ್ಲ, ಅದಕ್ಕೆ ಗ್ರೀಸ್ ಹೊಡೀತಿದ್ರೋ, ಎಣ್ಣೆ ಬುಡ್ತಿದ್ರೋ?”

ಆ ಪ್ರಶ್ನೆಯೊಳಗೆ ಎಷ್ಟಿತ್ತೆಂಬುದನ್ನು ಸ್ವಲ್ಪ ವಿವರಿಸಬೇಕು. ಹೆರಾಲ್ಡಿನ ಮುಂದಿನ ಚಕ್ರವನ್ನು ಹೊತ್ತ ಉಕ್ಕಿನ ಕಂಬದ ಬುಡದಲ್ಲಿ ತಿರುಪು ಕೊರೆದಿದೆ. ಅದು ಹಿತ್ತಾಳೆಯ ಗೂಡೊಂದರಲ್ಲಿ ಕೂತು, ಸ್ಟಿಯರಿಂಗು ತಿರುಗಿಸಿದಾಗಲೆಲ್ಲ ತಿರುಗುತ್ತದೆ. ಅದಕ್ಕೆ ಬೇಕಾದ್ದು ಗೇರಿನ ಎಣ್ಣೆ. ಗ್ರೀಸ್ ತುಂಬಿದರೆ ಅದು ಒಣಗಿ ಗಟ್ಟಿಯಾಗುತ್ತದೆ, ನೀರು ಒಳಸೇರುತ್ತದೆ, ಉಕ್ಕು ತುಕ್ಕು ಹಿಡಿದು ಒಂದು ದಿನ ತಿರುವಿನಲ್ಲಿ ಫಟ್ಟನೆ ಮುರಿದು ಚಕ್ರ ಮಡಿಚಿಕೊಳ್ಳುತ್ತದೆ. ಎಣ್ಣೆ ಹಾಕುವುದೂ ಗ್ರೀಸ್ ಗನ್ನಿನಿಂದಲೇ ಆದ್ದರಿಂದ, ಆ ಗನ್ನಿಗೆ ಎಣ್ಣೆ ತುಂಬಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಮಾವ ಕಾಲವಾಗಿ ವರ್ಷಗಳಾಗಿದ್ದವು. ಯಾರನ್ನು ಕೇಳೋಣ?

ನಮ್ಮ ತಾಯಿಗೆ ಆ ವರ್ಷ ವೈರಮುಡಿಗೆ ಅಣ್ಣನ ಕಾರಿನಲ್ಲೇ ಮೇಲುಕೋಟೆಗೆ ಹೋಗಬೇಕೆಂದು ಆಸೆ. ಎಂಬತ್ತೆರಡರ ವಯಸ್ಸು. ಬೆಟ್ಟದ ರಸ್ತೆ, ತಿರುವಿನ ಮೇಲೆ ತಿರುವು. ನಾನು ಮೇಸ್ತ್ರಿಯವರನ್ನು ಒಂದು ಭಾನುವಾರ ಶ್ರೀರಂಗಪಟ್ಟಣಕ್ಕೆ ಕರೆತಂದೆ. ಜಾಕನ್ನು ಮಾತ್ರ ನಂಬಬಾರದೆಂದು ಅವರು ಎರಡು ಮರದ ದಿಮ್ಮಿಗಳನ್ನು ಗಾಡಿಯ ಕೆಳಗೆ ಕೊಟ್ಟರು. (ಹಡಪದಲ್ಲಿ ಹಿಡಿಸದಿದ್ದರೂ ಎಲ್ಲಕ್ಕಿಂತ ಮುಖ್ಯವಾದ ಸಲಕರಣೆ ಇವೇ ಎಂದು ನನ್ನ ಅಭಿಪ್ರಾಯ.) ಗೂಡಿನ ಅಡ್ಡಬೋಲ್ಟು ಜಪ್ಪಯ್ಯ ಎನ್ನಲಿಲ್ಲ. ಉಕ್ಕಿನ ಸುತ್ತಿಗೆಯಿಂದ ಹೊಡೆದರೆ ಬೋಲ್ಟಿನ ತುದಿ ಅಣಬೆಯಂತೆ ಅರಳಿಬಿಡುತ್ತದೆ. ನಡುವೆ ಮೆತ್ತನೆಯ ಹಿತ್ತಾಳೆ ಕಡ್ಡಿ ಬೇಕು, ಏಟಿಗೆ ತಾನು ಜಜ್ಜಿಹೋಗಿ ಉಕ್ಕನ್ನು ಉಳಿಸುವಂಥದು. “ನಾಗಮಂಗಲಕ್ಕೆ ಹೋಗಿ” ಎಂದರು ಮೇಸ್ತ್ರಿ.

ಲೋಹದ ಮೂರ್ತಿಗಳಿಗೆ ಹೆಸರಾದ ನಾಗಮಂಗಲದಲ್ಲಿ ಎರಕದವರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ದೇವರ ಪ್ರಭಾವಳಿಗೆ ಅರ ಹಾಕುತ್ತಿದ್ದ ಯಜಮಾನರು ನನ್ನ ಬೇಡಿಕೆ ಕೇಳಿ ನಕ್ಕರು. “ಇಷ್ಟೇನಾ? ಗೇಣುದ್ದ, ಹೆಬ್ಬೆರಳು ದಪ್ಪ?” ಮರುದಿನ ಕೊಟ್ಟರು. ಹಣ ಎಷ್ಟು ಹೇಳಿದರೂ ತೆಗೆದುಕೊಳ್ಳದೆ ಹಿತ್ತಾಳೆಯ ಬೆಲೆ ಮಾತ್ರ ಹಿಡಿದರು.

ಅದರಿಂದ ನಾಲ್ಕು ಏಟಿಗೆ ಬೋಲ್ಟು ಹೊರಬಂತು. ಗೂಡಿನೊಳಗೆ ಗ್ರೀಸ್ ಒಣಗಿ ಹಳೆಯ ಬೆಲ್ಲದಂತಾಗಿತ್ತು. ಬಲಗಡೆಯ ಕಂಬದ ತಿರುಪಿನಲ್ಲಿ ತುಕ್ಕು ಇಲಿ ಕಡಿದ ಹಾಗೆ ತಿಂದಿತ್ತು. ಮೇಸ್ತ್ರಿ ಅದನ್ನು ಬಟ್ಟೆಯಿಂದ ಒರೆಸಿ ಮಾತಿಲ್ಲದೆ ನನ್ನ ಕೈಗಿತ್ತರು. ನಾನದನ್ನು ಒಳಗೆ ಒಯ್ದು ತಾಯಿಗೆ ತೋರಿಸಿದೆ. ಆಕೆ ಕನ್ನಡಕ ಏರಿಸಿ ನೋಡಿ, “ಪಾಪ, ಅಣ್ಣನ ಗಾಡಿಗೆ ಎಣ್ಣೆ ಬಿಡುವವರು ಒಬ್ಬರಿರಲಿಲ್ಲವೇನೋ” ಎಂದಳು. ಆ ವರ್ಷ ವೈರಮುಡಿಗೆ ಬಸ್ಸಿನಲ್ಲೇ ಹೋದೆವು. ಹೊಸ ಕಂಬ ಬಂದು ಕೂತದ್ದು ಮಳೆಗಾಲದಲ್ಲಿ. ತಾಯಿ ಮೇಲುಕೋಟೆಗೆ ಹೋಗಿ ಬಂದದ್ದು ಆಮೇಲೆ, ಜಾತ್ರೆಯಿಲ್ಲದ ಒಂದು ಬುಧವಾರ.

ಈಗ ಹಡಪದಲ್ಲಿ ಇವಿಷ್ಟಿವೆ: ಸ್ಕ್ರೂಡ್ರೈವರು ಎರಡು, ಕಟಿಂಗ್ ಪ್ಲೇಯರು, ಪ್ಲಗ್ ಸ್ಪ್ಯಾನರು, ಮಡಿಚಿದ ಸೈಕಲ್ ಟ್ಯೂಬು, ತಂತಿ, ಫೀಲರ್ ಗೇಜು. ಈ ಗೇಜು ಮಿಲಿಮೀಟರಿನದಾದರೂ ತಕರಾರಿಲ್ಲ; ಪಾಯಿಂಟಿನ ಸಂದು 0.38, ಪ್ಲಗ್ಗಿನದು 0.63 ಎಂದು ನೆನಪಿಟ್ಟರಾಯಿತು. ನಾಗಮಂಗಲದ ಕಡ್ಡಿ ಇದೆ. ಗ್ರೀಸ್ ಗನ್ನಿಗೆ ಕೆಂಪು ಬಣ್ಣದಲ್ಲಿ ‘ಎಣ್ಣೆ ಮಾತ್ರ’ ಎಂದು ಬರೆಸಿದ್ದೇನೆ.

ಸ್ಪ್ಯಾನರುಗಳನ್ನು ಮೇಸ್ತ್ರಿಯೇ ಕೊಟ್ಟರು. ಅವರ ಮಗನಿಗೆ ಬೆಂಗಳೂರಿನಲ್ಲಿ ಕೆಲಸ. ಶೆಡ್ಡಿನ ಮೇಲೆ ಅವನಿಗೆ ಆಸೆಯಿಲ್ಲ. ಆದರೆ 9/16ರ ರಿಂಗ್ ಸ್ಪ್ಯಾನರನ್ನು ಮಾತ್ರ ಮೊಳೆಯಲ್ಲೇ ಉಳಿಸಿಕೊಂಡರು. “ಇದೊಂದು ಇಲ್ಲೇ ಇರ್ಲಿ. ಬೇಕಾದಾಗ ಬಂದು ತಕಂಡೋಗಿ, ತಿರ್ಗಾ ತಂದ್ಕೊಡಿ” ಎಂದರು. ಹೋದ ತಿಂಗಳು ಎರಡು ಸಲ ಹೋಗಿದ್ದೆ.