ಅತ್ತೆಯ ಮಣೆ

ನಮ್ಮತ್ತೆ ಗ್ರೈಂಡರ್ ಹಾಕುವಾಗ ಮರದ ಮಣೆಯ ಮೇಲೆ ನಿಂತುಕೊಳ್ಳುತ್ತಿದ್ದರು. ಹಿಂದೆ ಊಟಕ್ಕೆ ಕೂರುತ್ತಿದ್ದ ಹಳೇ ಹಲಸಿನ ಮಣೆ. ಅದನ್ನು ಕಾಲಲ್ಲೇ ಸರಿಸಿಕೊಂಡು, ಮೇಲೆ ಹತ್ತಿ ನಿಂತು, ಆಮೇಲೆ ಸ್ವಿಚ್ ಒತ್ತೋರು. "ಇಲ್ಲಾಂದ್ರೆ ಕೈಗೆ ಜುಂ ಅನ್ನತ್ತೆ ಕಣೇ" ಅನ್ನೋರು. ನಾನು ಎಷ್ಟೋ ಸಲ ಮುಟ್ಟಿ ನೋಡಿದೆ. ನನಗೇನೂ ಆಗಲಿಲ್ಲ. ಎಂಬತ್ತರ ಹತ್ತಿರದ ವಯಸ್ಸು, ನರದ ತೊಂದರೆ ಇರಬೇಕು ಅಂದುಕೊಂಡೆವು. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಬಿ12 ಪರೀಕ್ಷೆಯನ್ನೂ ಮಾಡಿಸಿದ್ದಾಯ್ತು!

ನಮ್ಮದು ರಾಜಾಜಿನಗರದ ಹಳೇ ಮನೆ. ಬಡಾವಣೆಗೆ ಅಡಿಗಲ್ಲು ಬಿದ್ದದ್ದು 1949ರಲ್ಲಿ, ಮಾವನವರು ಮನೆ ಕಟ್ಟಿಸಿದ್ದು 1968ರಲ್ಲಿ. ಗೋಡೆಯ ಮೇಲೆ ತೇಗದ ಪಟ್ಟಿ, ಅದರ ಮೇಲೆ ಪುಟ್ಟ ಕ್ಲಿಪ್ಪುಗಳಲ್ಲಿ ಹಿಡಿದಿಟ್ಟ ವೈರುಗಳು, ದುಂಡನೆಯ ಕಪ್ಪು ಸ್ವಿಚ್ಚುಗಳು, ಮೀಟರ್ ಬೋರ್ಡಿನಲ್ಲಿ ಪಿಂಗಾಣಿ ಫ್ಯೂಸು. ಆಗ ಮನೆಗೆ ಬೇಕಿದ್ದ ಕರೆಂಟು ಐದಾರು ಬಲ್ಬು, ಒಂದು ಫ್ಯಾನು, ಒಂದು ರೇಡಿಯೋಗೆ. ಆಮೇಲೆ ಮಿಕ್ಸಿ ಬಂತು, ಫ್ರಿಜ್ ಬಂತು, ಗೀಸರ್, ವಾಷಿಂಗ್ ಮಿಷಿನ್, ಓವನ್ ಎಲ್ಲಾ ಬಂತು. ವೈರು ಮಾತ್ರ ಅದೇ. ಪೇಂಟ್ ಮಾಡಿಸಿದಾಗಲೆಲ್ಲ ಪಟ್ಟಿಗೂ ಒಂದು ಕೋಟ್ ಬಳಿಸಿ ಸುಮ್ಮನಾಗುತ್ತಿದ್ದೆವು.

ಹೋದ ವರ್ಷ ಮಳೆಗಾಲದ ಒಂದು ಸಂಜೆ ಇಸ್ತ್ರಿ ಹಾಕುತ್ತಿದ್ದಾಗ ಸ್ವಿಚ್‌ಬೋರ್ಡಿನಿಂದ ಸುಟ್ಟ ವಾಸನೆ ಬಂತು. ಬೋರ್ಡ್ ಮುಟ್ಟಿದರೆ ಬಿಸಿ. ಅವತ್ತೇ ಪೂರ್ತಿ ವೈರಿಂಗ್ ಬದಲಾಯಿಸೋದು ಅಂತ ತೀರ್ಮಾನ ಆಯ್ತು.

ಕಾಮಾಕ್ಷಿಪಾಳ್ಯದಿಂದ ಬಂದ ಎಲೆಕ್ಟ್ರಿಷಿಯನ್‌ಗೆ ಅರವತ್ತರ ಆಸುಪಾಸು. ಮೇನ್ ಆಫ್ ಮಾಡಿ ಒಂದು ವೈರನ್ನು ಬಗ್ಗಿಸಿದರು, ಮೇಲಿನ ರಬ್ಬರು ಹಪ್ಪಳದ ಹಾಗೆ ಪುಡಿಯಾಗಿ ಉದುರಿತು. ಫ್ಯೂಸ್ ಬಿಚ್ಚಿ ನಕ್ಕರು. ಸಣ್ಣ ಫ್ಯೂಸ್ ತಂತಿ ಇರಬೇಕಾದಲ್ಲಿ ಯಾವುದೋ ವೈರಿನ ನಾಲ್ಕೈದು ಎಳೆ ಹೊಸೆದು ಕಟ್ಟಿತ್ತು. "ಪದೇ ಪದೇ ಹೋಗಬಾರದು ಅಂತ ಯಾರೋ ಕಟ್ಟಿದಾರೆ. ಹೋಗೋದೇ ಮೇಡಂ ಅದರ ಕೆಲಸ!" ಕಟ್ಟಿದ್ದು ಯಾರು ಅಂತ ನಮಗೆ ಗೊತ್ತು. ದಿವಂಗತ ಮಾವನವರ ಮಾನ ಕಳೆಯೋದು ಬೇಡ ಅಂತ ಅತ್ತೆಯೂ ನಾನೂ ಸುಮ್ಮನಿದ್ದೆವು.

ಕಾಫಿ ಕೊಡುವಾಗ ಅತ್ತೆ ಅವರ ಹತ್ತಿರವೂ ಗ್ರೈಂಡರ್ ವಿಷಯ ತೆಗೆದರು. ನಾನು ಕಣ್ಣಲ್ಲೇ 'ಬಿಡಿ' ಅಂದೆ. ಆ ಮನುಷ್ಯ ಮಾತ್ರ ಲೋಟ ಕೆಳಗಿಟ್ಟು ಕೇಳಿದರು.

"ದಿನಾ ಹೊಡೆಯತ್ತಾ ಅಮ್ಮ?"

"ಇಲ್ಲಪ್ಪ. ಬಚ್ಚಲುಮನೇಲಿ ಗೀಸರ್ ಹಾಕಿದಾಗ ಮಾತ್ರ."

ಈ ಮಾತು ನಮ್ಮ ಮನೇಲಿ ಜೋಕ್ ಆಗಿತ್ತು. ಗೀಸರ್ ಎಲ್ಲೋ, ಗ್ರೈಂಡರ್ ಎಲ್ಲೋ, ಮಧ್ಯೆ ಒಂದು ಹಾಲ್ ಇದೆ. ಅವರು ನಗಲಿಲ್ಲ. ಮೇನ್ ಹಾಕಿಸಿ, ಗೀಸರ್ ಆನ್ ಮಾಡಿಸಿ, ಗ್ರೈಂಡರಿನ ಮೈಗೆ ಟೆಸ್ಟರ್ ಇಟ್ಟರು. ಟೆಸ್ಟರಿನೊಳಗೆ ಕೆಂಪು ದೀಪ ಹತ್ತಿತು. ಗೀಸರ್ ಆಫ್ ಮಾಡಿ ಅಂದರು, ದೀಪ ಹೋಯಿತು. ಇನ್ನೊಂದು ಸಲ ಮಾಡಿಸಿದರು. ಹಾಗೇ ಆಯ್ತು. ಅತ್ತೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ, ಅದೇ ಜಾಸ್ತಿ ಚುಚ್ಚಿತು.

ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ದಪ್ಪ ಪಿನ್ ಇರುತ್ತಲ್ಲ, ಅದು ಅರ್ಥಿಂಗ್‌ದು. ಗೀಸರಿಗೂ ಗ್ರೈಂಡರಿಗೂ ಫ್ರಿಜ್ಜಿಗೂ ಅರ್ಥಿಂಗ್ ತಂತಿ ಒಂದೇ, ಅದು ಕೊನೆಗೆ ಭೂಮಿಗೆ ಇಳಿದಿರಬೇಕು. ನಮ್ಮ ಗೀಸರಿನ ಕಾಯಿಲ್ ಒಡೆದು ಕರೆಂಟು ಅದರ ಮೈಗೆ ಸೋರುತ್ತಿತ್ತು. ಅಲ್ಲಿಂದ ಅರ್ಥಿಂಗ್ ತಂತಿಗೆ ಬಂತು. ತಂತಿ ಭೂಮಿಗೆ ಸೇರಿರಲಿಲ್ಲ. ಹಾಗಾಗಿ ಆ ಕರೆಂಟು ಅದೇ ತಂತಿ ಹಿಡಿದು ಗ್ರೈಂಡರಿನ ಮೈಗೆ ಬಂದು ನಿಂತಿತ್ತು.

"ಹಾಗಾದ್ರೆ ಫ್ಯೂಸ್ ಹೋಗಬೇಕಿತ್ತಲ್ವಾ? ದಪ್ಪ ತಂತಿ ಅಂತ ಹೋಗಲಿಲ್ವಾ?" ಅಂದೆ.

"ಸರಿಯಾದ ತಂತಿ ಇದ್ದಿದ್ರೂ ಹೋಗ್ತಿರಲಿಲ್ಲ ಮೇಡಂ. ಕರೆಂಟು ಇಳಿಯೋಕೆ ದಾರಿ ಬೇಕಲ್ಲ. ಒದ್ದೆ ನೆಲದ ಮೇಲೆ ನಿಂತು ಅಮ್ಮ ಕೈಯಿಟ್ಟಾಗ, ಅಮ್ಮನೇ ದಾರಿ."

ತಂತಿ ಎಲ್ಲಿ ತುಂಡಾಗಿದೆ ಅಂತ ಹುಡುಕುತ್ತಾ ಹೋದರೆ ಅದು ಹಿತ್ತಲಿನ ನಲ್ಲಿಯ ಹತ್ತಿರ ಗೋಡೆಯಿಂದ ಹೊರಗೆ ಬಂದು ಗೇಣುದ್ದಕ್ಕೆ ನಿಂತಿತ್ತು. "ಇಲ್ಲಿ ಕಬ್ಬಿಣದ ಪೈಪಿತ್ತಾ?" ಅಂದರು. ಹಳೇ ಮನೆಗಳಲ್ಲಿ ಎಷ್ಟೋ ಕಡೆ ನೀರಿನ ಪೈಪಿಗೇ ಅರ್ಥಿಂಗ್ ಕಟ್ಟಿರುತ್ತಾರಂತೆ. ಮಣ್ಣಿನೊಳಗೆ ಉದ್ದಕ್ಕೆ ಹೋದ ಕಬ್ಬಿಣವಲ್ಲವೇ, ಅದೇ ಭೂಮಿಗೆ ದಾರಿ.

ಪೈಪಿತ್ತು. ತುಕ್ಕು ಹಿಡಿದು ಕಾವೇರಿ ನೀರು ಕೆಂಪಗೆ ಬರುತ್ತಿದೆ ಅಂತ 2017ರಲ್ಲಿ ಅದನ್ನು ಕೀಳಿಸಿ ಪ್ಲಾಸ್ಟಿಕ್ ಪೈಪ್ ಹಾಕಿಸಿದವಳು ನಾನೇ. ಅವತ್ತು ಪ್ಲಂಬರ್ ಹುಡುಗ "ಆಂಟಿ, ಈ ತಂತಿ ಏನು?" ಅಂತ ಕೇಳಿದ್ದ. "ಹಳೇ ಟಿ.ವಿ. ಆಂಟೆನಾದ್ದಿರಬೇಕು, ಕತ್ತರಿಸಿ ಬಿಡಪ್ಪ" ಅಂದಿದ್ದೆ. ಮಾತು ಪೂರ್ತಿ ನೆನಪಿದೆ. ಅತ್ತೆಯ ಮಣೆ ಶುರುವಾಗಿದ್ದು ಅದಾದ ಎಷ್ಟೋ ದಿನಗಳ ಮೇಲೆ, ಗೀಸರ್ ಹಳೇದಾದಾಗ. ಹಾಗಾಗಿ ಎರಡಕ್ಕೂ ಸಂಬಂಧ ಇದೆ ಅಂತ ಯಾರಿಗೂ ಹೊಳೆಯಲಿಲ್ಲ.

ನನಗೆ ಯಾಕೆ ಹೊಡೆಯಲಿಲ್ಲ? ಹಿಮ್ಮಡಿ ನೋವಿಗೆ ಅಂತ ನಾನು ಮನೆಯೊಳಗೂ ರಬ್ಬರ್ ಚಪ್ಪಲಿ ಹಾಕುತ್ತೇನೆ. ಅದಕ್ಕಾಗಿ ಅತ್ತೆಯಿಂದ ಬೈಸಿಕೊಂಡಿದ್ದಕ್ಕೆ ಲೆಕ್ಕವಿಲ್ಲ. ಅವತ್ತು ರಾತ್ರಿ ಪ್ಲಂಬರ್ ಕಥೆ ಹೇಳಿ "ತಪ್ಪು ನಂದೇ ಅತ್ತೆ" ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅಡುಗೆಮನೆಗೆ ಚಪ್ಪಲಿ ಹಾಕ್ಕೊಂಡು ಬರಬೇಡ ಅಂತ ಬೈತಿದ್ನಲ್ಲೇ. ನನ್ನ ಮಾತು ಕೇಳಿದ್ದಿದ್ರೆ ನಿನಗೂ ಹೊಡೀತಿತ್ತು" ಅಂದರು. ಕ್ಷಮಿಸಿದರೋ, ಮಾತು ಕೇಳದ್ದಕ್ಕೆ ಇನ್ನೊಂದು ಸಲ ಚುಚ್ಚಿದರೋ, ಇವತ್ತಿಗೂ ಗೊತ್ತಾಗಿಲ್ಲ.

ಮೂರು ವಾರ ಮನೆ ತುಂಬಾ ಧೂಳು. ಗೋಡೆ ಕೊರೆದು ಪೈಪ್ ಹಾಕಿದರು. ಲೈಟಿಗೆ 1.5 ಚದರ ಮಿ.ಮೀ. ವೈರು, ಅಡುಗೆಮನೆಯ ಪವರ್ ಸಾಕೆಟ್‌ಗಳಿಗೆ 2.5, ಗೀಸರಿಗೆ ಪ್ರತ್ಯೇಕ ಲೈನು 4. ದೇವರ ಫೋಟೋಗಳಿಗೆ ಸೀರೆ ಹೊದಿಸಿ, ಬೆಡ್‌ರೂಮಿನಲ್ಲಿ ಸ್ಟೌ ಇಟ್ಟುಕೊಂಡು ಅಡುಗೆ. 1905ರಲ್ಲೇ ಕೆ.ಆರ್. ಮಾರ್ಕೆಟ್ಟಿನ ಹತ್ತಿರ ವಿದ್ಯುತ್ ಬೀದಿದೀಪ ಉರಿದ ಊರಲ್ಲಿ ನಾವು ಮೇಣದಬತ್ತಿ ಹಚ್ಚಿಕೊಂಡು ಸಾರನ್ನ ತಿಂದೆವು. ಅತ್ತೆ ಮಾತ್ರ "ಕೆಇಬಿಯವರು ಬಂದ್ರಾ?" ಅಂತ ಕೇಳುತ್ತಲೇ ಇದ್ದರು. ಬೆಸ್ಕಾಂ ಆಗಿದ್ದು 2002ರಲ್ಲಿ, ಅವರಿಗೆ ಅದು ಸಂಬಂಧವಿಲ್ಲ.

ಮುಂದಿನ ದಾಸವಾಳದ ಗಿಡದ ಪಕ್ಕ ಗುಂಡಿ ತೋಡಿ, ಎಂಟು ಅಡಿ ಜಿಐ ಪೈಪ್ ಇಳಿಸಿ, ಸುತ್ತ ಇದ್ದಿಲು, ಉಪ್ಪು ತುಂಬಿದರು. ಬೇಸಿಗೆಯಲ್ಲಿ ಮಣ್ಣು ಒಣಗಬಾರದು, ಆಗಾಗ ಒಂದು ಬಕೆಟ್ ನೀರು ಹಾಕ್ತಿರಿ ಅಂದರು. ಮೇನ್ ಬೋರ್ಡಿನಲ್ಲಿ ಎಂಸಿಬಿಗಳ ಜೊತೆ ಆರ್‌ಸಿಸಿಬಿ ಅಂತ ಒಂದು ಕೂರಿಸಿದರು. 30 ಮಿಲಿ ಆಂಪಿಯರ್ ಕರೆಂಟು ಎಲ್ಲಾದರೂ ಸೋರಿದರೆ ಸಾಕು, ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಟ್. ಅದರಲ್ಲಿ 'ಟಿ' ಅಂತ ಒಂದು ಬಟನ್ ಇದೆ, ಆಗಾಗ ಒತ್ತಿ ಪರೀಕ್ಷೆ ಮಾಡಬೇಕು. ಮೊದಲ ಸಲ ಅತ್ತೆಯ ಕೈಯಲ್ಲೇ ಒತ್ತಿಸಿದರು. ಟಕ್ ಅಂತ ಮನೆಯ ಫ್ಯಾನೆಲ್ಲಾ ನಿಂತವು. ಅತ್ತೆಗೆ ಖುಷಿಯೋ ಖುಷಿ.

ಗೀಸರ್ ಗುಜರಿಗೆ ಹೋಯ್ತು. ಮೊದಲ ಶನಿವಾರ ಇಡ್ಲಿಗೆ ಹಿಟ್ಟು ರುಬ್ಬುವಾಗ ಅತ್ತೆ ಬರಿಗಾಲಲ್ಲಿ ನಿಂತು, ಹಿಂದೆ ಮುಂದೆ ನೋಡಿ, ಒಂದು ಬೆರಳ ತುದಿಯಿಂದ ಗ್ರೈಂಡರ್ ಮುಟ್ಟಿದರು. ಆಮೇಲೆ ಪೂರ್ತಿ ಅಂಗೈ ಇಟ್ಟರು. ಕೈ ಒರೆಸಿಕೊಂಡು ಸೀದಾ ಹೋಗಿ ವಿಜಯನಗರದಲ್ಲಿರುವ ತಂಗಿಗೆ ಫೋನ್ ಮಾಡಿದರು. ಕುಶಲ ಕೇಳಲಿಲ್ಲ, ಏನಿಲ್ಲ.

"ನಿಮ್ಮನೇಲಿ ಹೋದ ವರ್ಷ ನೀರಿನ ಪೈಪ್ ಬದಲಾಯಿಸಿದ್ರಲ್ಲ, ಹಳೇ ಪೈಪಿಗೆ ಯಾವುದಾದ್ರೂ ತಂತಿ ಕಟ್ಟಿತ್ತೇನೇ? ನೆನಪಿಲ್ವಾ? ಹೋಗು, ಈಗಲೇ ಹಿತ್ತಲಿಗೆ ಹೋಗಿ ನೋಡ್ಕೊಂಡು ಬಾ. ನಾನು ಫೋನ್ ಹಿಡ್ಕೊಂಡೇ ಇರ್ತೀನಿ."