ಸತ್ತವನ ಮನೆಗೆ ಏನು ಕೊಡ್ತಾರ?

ಕಳೆದ ಬೇಸಿಗೆಯಲ್ಲಿ ಸಿದ್ದಾಪುರಕ್ಕೆ ಹೋದಾಗ ನನ್ನ ಚೀಲದಲ್ಲಿ ಪಿಎಚ್‌ಡಿ ಪ್ರಬಂಧದ ಕರಡು, ಜೊತೆಗೆ ಎರಡು ಕಿಲೋ ಹಳೆಯ ಲೆಗೊ ಇಟ್ಟಿಗೆಗಳಿದ್ದವು. ಹಾಸ್ಟೆಲ್ ಬಿಡುವಾಗ ಗೆಳತಿಯೊಬ್ಬಳು ಕೊಟ್ಟುಹೋದವು. ತಮ್ಮ ಮೂರು ತಿಂಗಳಿಂದ ಮನೆಯಲ್ಲೇ ಇದ್ದ. ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುವಾಗ ಚೀಲದ ಸಾಲು ಜಾರಿ ಭುಜದ ಮೇಲೆ ಬಿದ್ದಿತ್ತು. ಮೊದಲ ದಿನ ಆಸ್ಪತ್ರೆಗೆ ಕಟ್ಟಿದ್ದು ಬಿಟ್ಟರೆ ಗಿರಣಿಯಿಂದ ಏನೂ ಬಂದಿರಲಿಲ್ಲ. ನನ್ನ ಓದು ನಿಲ್ಲಬಾರದೆಂದು ಪಿಯುಸಿ ಮುಗಿಸದೆ ದುಡಿಯಲು ಹೋದವನು ಅವನು. ಆ ಮಾತನ್ನು ನಾವಿಬ್ಬರೂ ಎಂದೂ ಎತ್ತಿಲ್ಲ.

ಹೊತ್ತು ಹೋಗಲೆಂದು ಅವನಿಗೆ ಫ್ರಾಸ್ಟ್‌ಗ್ರೇವ್ ಆಟ ಕಲಿಸಿದೆ. ಜೋಸೆಫ್ ಮೆಕ್ಕಲೋ ರಚಿಸಿದ ಈ ಆಟ 2015ರದು. ಹಿಮದಲ್ಲಿ ಹೂತಿದ್ದ ಹಾಳುಪಟ್ಟಣಕ್ಕೆ ಮಾಂತ್ರಿಕರು ಪುಟ್ಟ ದಂಡು ಕಟ್ಟಿಕೊಂಡು ನಿಧಿಗಾಗಿ ನುಗ್ಗುತ್ತಾರೆ. ದಂಡಿಗೆ ಹೆಚ್ಚೆಂದರೆ ಹತ್ತು ಮಂದಿ. ಅಳತೆಪಟ್ಟಿ ಹಿಡಿದು ನಡೆಸಬೇಕು, ಇಪ್ಪತ್ತು ಮುಖದ ದಾಳ ಉರುಳಿಸಿ ಕಾದಬೇಕು. ಗೊಂಬೆಗಳು ಇಂಥವೇ ಆಗಬೇಕೆಂದಿಲ್ಲ. ನಾವು ಇಟ್ಟಿಗೆಯಿಂದ ಕಟ್ಟಿದೆವು. ಎಂಟು ಉಬ್ಬುಗಳಿರುವ, ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು 91,51,03,765 ಬಗೆಯಲ್ಲಿ ಜೋಡಿಸಬಹುದಂತೆ. ನಾನು ಕಟ್ಟಿದವರೆಲ್ಲ ಒಂದೇ ಥರ ಸೆಟೆದು ನಿಂತರು. ತಮ್ಮನ ಆಳುಗಳು ಸೊಂಟದಲ್ಲಿ ತುಸು ಬಾಗಿದ್ದರು, ಮೂಟೆ ಹೊತ್ತವರಂತೆ.

ಆಟದ ಮೊದಲ ಆವೃತ್ತಿಯಲ್ಲಿ ಆರಂಭಕ್ಕೆ 500 ಚಿನ್ನದ ನಾಣ್ಯ. ಶಿಷ್ಯನಿಗೆ 200, ಪುಂಡನಿಗೆ 20, ಕಾದುವ ನಾಯಿಗೆ 10. ಪಟ್ಟಿ ನೋಡಿ ತಮ್ಮ ನಕ್ಕ: "ಎರಡು ನಾಯಿ ಕೂಡಿದ್ರ ಒಬ್ಬ ಆಳು ನೋಡಕ್ಕಾ."

ಆಟ ಮುಗಿದ ಮೇಲೆ, ಬಿದ್ದ ಆಳುಗಳಿಗೆ ದಾಳ ಹಾಕಬೇಕು. 1ರಿಂದ 4 ಬಿದ್ದರೆ ಸಾವು. 5ರಿಂದ 8 ಬಿದ್ದರೆ ಗಾಯ, ಮುಂದಿನ ಆಟಕ್ಕಿಲ್ಲ. ಅದಕ್ಕೂ ಮೇಲಾದರೆ ಆರಾಮ. ತಮ್ಮನ ಕೆಂಪು ಅಂಗಿಯವನಿಗೆ 6 ಬಿತ್ತು.

"ಒಂದ ಆಟ ಕುಂತ್ರ ಆರಾಮ ಆಕ್ಕಾನೇನು?" ಎಂದು ತನ್ನ ಭುಜ ಮುಟ್ಟಿಕೊಂಡ.

ಮರುದಿನ ಇನ್ನೊಬ್ಬನಿಗೆ 3. ನಾನು ಇಟ್ಟಿಗೆ ಬಿಚ್ಚಲು ಕೈ ಹಾಕಿದೆ.

"ಬಿಚ್ಚಬ್ಯಾಡ, ಇರ್ಲಿ. ಸತ್ತವನ ಮನಿಗೆ ಏನ್ ಕೊಡ್ತಾರ?"

ನಿಯಮದ ಪುಸ್ತಕದಲ್ಲಿ ಅದಿರಲಿಲ್ಲ. ನನ್ನ ಪ್ರಬಂಧದಲ್ಲಿತ್ತು. ನನ್ನ ವಿಷಯ ವೀರಗಲ್ಲು: ತುರುಗೋಳಿನಲ್ಲಿ ದನ ಬಿಡಿಸಲು ಹೋಗಿ, ಊರಳಿವಿನಲ್ಲಿ ಕಾದಿ ಮಡಿದವರಿಗೆ ನೆಟ್ಟ ಕಲ್ಲುಗಳು. ಅವೂ ಬಹುಪಾಲು ಇಂಥವೇ ಸಣ್ಣ ದಂಡಿನ ಕಾಳಗಗಳು. ಸತ್ತವನ ಮನೆಯವರಿಗೆ ಭೂಮಿ ಬಿಟ್ಟ ಸಂಗತಿ ಕೆಲವು ಶಾಸನಗಳಲ್ಲಿದೆ, ನೆತ್ತರುಗೊಡಗೆ ಎನ್ನುತ್ತಾರೆ. ಅದರ ಮೇಲೆ ಹನ್ನೆರಡು ಪುಟ ಬರೆದಿದ್ದೆ. ಹನ್ನೆರಡೂ ಪುಟ ಪದದ ವ್ಯುತ್ಪತ್ತಿ, ಪಾಠಾಂತರ. ಆ ಮನೆಯಲ್ಲಿ ಉಳಿದವರು ಯಾರು ಎಂದು ಒಂದು ಸಾಲೂ ಇರಲಿಲ್ಲ.

ತಮ್ಮನಿಗೆ ಹೇಳಿದೆ. "ಎಲ್ಲಾರಿಗೂ ಕೊಡ್ತಿದ್ರೇನು?" ಎಂದ. ಎಷ್ಟೋ ಕಲ್ಲುಗಳಲ್ಲಿ ಆ ಮಾತೇ ಇಲ್ಲ ಎಂದೆ.

ಅಂದೇ ಹೊಸ ನಿಯಮ ಮಾಡಿದೆವು. ಸಿಕ್ಕ ನಿಧಿಯಲ್ಲಿ ಮೊದಲ 40 ನಾಣ್ಯ ಸತ್ತವನ ಮನೆಗೆ, ಗಾಯಾಳುವಿಗೆ ಅರ್ಧ. ಆಮೇಲೆ ಉಳಿದ ಖರೀದಿ. ಪುಸ್ತಕದ ಕೊನೆಯ ಪುಟದಲ್ಲಿ ತಮ್ಮ ಎಡಗೈಯಲ್ಲಿ 'ನೆತ್ತರುಗೊಡಗೆ' ಎಂದು ಬರೆದ. ಅಲ್ಲಿಂದ ನಮ್ಮ ದಂಡುಗಳು ಬಡವಾದವು, ಆಟ ನಿಧಾನವಾಯಿತು. ಒಬ್ಬನನ್ನು ಮುಂದೆ ನೂಕುವ ಮೊದಲು ಇಬ್ಬರೂ ಲೆಕ್ಕ ಹಾಕುತ್ತಿದ್ದೆವು.

ಇಟ್ಟಿಗೆಗಳನ್ನು ಅಲ್ಲೇ ಬಿಟ್ಟು ಬಂದಿದ್ದೇನೆ. ಆ ಅಧ್ಯಾಯವನ್ನು ಮತ್ತೆ ಬರೆಯುತ್ತಿದ್ದೇನೆ. ಭುಜ ಪೂರ್ತಿ ಮೇಲೆದ್ದಿಲ್ಲ, ಆದರೂ ತಮ್ಮ ಗಿರಣಿಗೆ ಮರಳಿದ್ದಾನೆ. ಫೋನಿನಲ್ಲಿ ಕೇಳುತ್ತಾನೆ: "ಅಕ್ಕಾ, ಎಷ್ಟ್ ಹೊಲ ಕೊಡ್ತಿದ್ರು ಅಂತ ಸಿಕ್ತೇನು?"

ಹುಡುಕ್ತಿದೀನಿ ಎನ್ನುತ್ತೇನೆ.